ಕಂಬಕ್ಕೆ ಬೆಲೆ, ಮನೆಗಿಲ್ಲ

ನಂದಗಡಕ್ಕೆ ಬರುವವರು ರಾಯಣ್ಣನ ಸಮಾಧಿಗೆ ಕೈಮುಗಿದು, ಆಲದ ಮರ ನೋಡಿ ಹೊರಡುತ್ತಾರೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರಿದು. ಓಣಿಗಳಲ್ಲಿ ಇನ್ನೂ ನಿಂತಿರುವ ಹಳೆಯ ದೊಡ್ಡ ಮನೆಗಳನ್ನು ನೋಡುವವರು ಕಡಿಮೆ. ಅವುಗಳಲ್ಲಿ ಒಂದು ನಮ್ಮ ಅಜ್ಜನದು. ಅದೀಗ ಮಾರಾಟಕ್ಕಿದೆ.

ಹೊರಗೆ ಕಟ್ಟೆ, ಒಳಗೆ ಪಡಸಾಲೆ, ನಡುವೆ ಅಂಗಳ, ಸಾಗವಾನಿ ಕಂಬಗಳು. ಮೇಲೆ ಖಾನಾಪುರದ ಕೆಂಪು ಹಂಚು. ಇಲ್ಲಿನ ಮಳೆಗೆ ತಕ್ಕ ಇಳಿಜಾರು ಮಾಡು. ಹಿತ್ತಲಿನಲ್ಲಿ ಬಾವಿ, ಹಲಸು, ಮಾವು, ಕರಿಬೇವು. ಬಾವಿ ನೀರು ಬಚ್ಚಲಿಗೆ, ಬಚ್ಚಲ ನೀರು ಬಾಳೆಗೆ ಎಂಬ ಲೆಕ್ಕದಲ್ಲಿ ಬೆಳೆದ ತೋಟ ಅದು.

ಅಜ್ಜನಿಗೆ ಐವರು ಮಕ್ಕಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅದು ನ್ಯಾಯವೇ. ಆದರೆ ಒಂದು ಅಂಗಳವನ್ನು ಐದು ಪಾಲು ಮಾಡಲಾಗದು, ಹಣವನ್ನು ಮಾಡಬಹುದು. ಅಪ್ಪನ ಪಾಲಿನಲ್ಲಿ ಧಾರವಾಡದ ನನ್ನ ಕೋಚಿಂಗ್ ಫೀ, ರೂಮ್ ಬಾಡಿಗೆ ಎಲ್ಲವೂ ಇವೆ.

ಇದುವರೆಗೆ ಇಬ್ಬರು ಬಂದರು. ಮೊದಲಿನವರು ಜಾಗದ ಅಳತೆ ಮಾತ್ರ ಕೇಳಿದರು. ಕೆಡವಿ ಅಂಗಡಿ ಕಟ್ಟುತ್ತಾರಂತೆ. ಇನ್ನೊಬ್ಬರು ಹಳೆ ಕಟ್ಟಿಗೆ ವ್ಯಾಪಾರಿ. ಕಂಬವನ್ನು ಬೆರಳಿನಿಂದ ತಟ್ಟಿ, ‘ಕಂಬ, ತೊಲಿ, ಬಾಗಲಾ ಇಷ್ಟ ತಗೋತೀನ್ರಿ. ಮನಿ ನನಗ ಬ್ಯಾಡ’ ಎಂದರು. ಒಣಗಿ ಹದವಾದ ಹಳೆ ಸಾಗವಾನಿ ಬಾಗುವುದಿಲ್ಲ, ರೆಸಾರ್ಟ್‌ಗಳಿಗೆ ಬೇಕು. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ಮನೆಗಳಿಂದ ಬಿಚ್ಚಿ ತಂದ ಕಂಬ, ಬಾಗಿಲು ಮಾರುವ ಅಂಗಡಿಗಳೇ ಇವೆ.

ಬೇರೆ ದಾರಿಗಳಿಲ್ಲವೇ? ಇಂಗ್ಲೆಂಡಿನಲ್ಲಿ ತೆರಿಗೆಯ ಭಾರಕ್ಕೆ ಹಳ್ಳಿಗಾಡಿನ ಬಂಗಲೆಗಳು ತೋಟದ ಸಮೇತ ಮಾರಾಟವಾಗತೊಡಗಿದಾಗ, 1937ರಲ್ಲಿ ಕಾನೂನು ಬದಲಿಸಿ ಅವನ್ನು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಲು ಅನುವು ಮಾಡಿದರು. ನಮ್ಮಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ನಮ್ಮದೇ ಜಿಲ್ಲೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ಆಸ್ತಿಯನ್ನೆಲ್ಲ ಶಿಕ್ಷಣಕ್ಕೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಶಿರಸಂಗಿಯ ವಾಡೆ ಇಂದಿಗೂ ಇದೆ.

ನಾವು ದೇಸಾಯರಲ್ಲ. ಹಂಚು ಬದಲಿಸಲೂ ದುಡ್ಡಿಲ್ಲ. ಆದ್ದರಿಂದ ‘ಮಾರಬೇಡಿ’ ಎನ್ನುವ ಧೈರ್ಯ ನನಗಿಲ್ಲ. ನಾನು ಕೇಳಿದ್ದು ಇಷ್ಟೇ: ಮಾರುವುದಾದರೆ ಇಡಿಯಾಗಿ ಮಾರೋಣ, ಬಿಡಿಯಾಗಿ ಬೇಡ. ಭೀಮಗಡದ ಕಾಡು ಹತ್ತಿರ, ಗೋವಾ ದೂರವಿಲ್ಲ. ಹೋಂಸ್ಟೇ ನಡೆಸುವವರು ಸಿಕ್ಕಾರು. ಜತೆಗೆ, 100 ವರ್ಷ ದಾಟಿದ ಕೆತ್ತನೆ ಬಾಗಿಲುಗಳ ವ್ಯಾಪಾರಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಪರವಾನಗಿ ಬೇಕು, ವಿದೇಶಕ್ಕೆ ಸಾಗಿಸುವಂತಿಲ್ಲ ಎಂಬುದನ್ನೂ ಮನೆಯವರಿಗೆ ತಿಳಿಸಿದೆ.

ಆರ್ಕಿಟೆಕ್ಚರ್ ಓದುವ ಗೆಳೆಯನೊಂದಿಗೆ ಎರಡು ಭಾನುವಾರ ಟೇಪು ಹಿಡಿದು ಮನೆಯ ನಕ್ಷೆ ಬರೆದೆವು. ಹಿತ್ತಲಿನ ಗಿಡಗಳ ಹೆಸರನ್ನೂ ಪಟ್ಟಿ ಮಾಡಿದೆವು. ನಿಮ್ಮ ಊರಲ್ಲೂ ಇಂಥ ಮನೆ ಇದ್ದರೆ ವ್ಯಾಪಾರಿ ಬರುವ ಮುಂಚೆ ನೀವು ಹೋಗಿ. ಮೊಬೈಲ್ ಇದ್ದರೆ ಸಾಕು.

ನಕ್ಷೆ ನೋಡಿದ ಸೋದರತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಯುಗಾದಿ ತನಕ ಕಾಯೂಣು. ಆಮ್ಯಾಲೆ ನಿನ್ನ ಫೀ ಕಟ್ಟಬೇಕಲ್ಲಪಾ.’