ತೂಕ ಯಾರು ಹಾಕ್ತಾರೆ?

ನಮ್ಮ ಮಾವನವರು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ಈಗ ನಿಟುವಳ್ಳಿಯ ನಮ್ಮ ಮನೆ ಪಡಸಾಲೆಯಲ್ಲಿ ಕೂತು ಪೇಪರಿನಲ್ಲಿ ಮೆಕ್ಕೆಜೋಳದ ಧಾರಣೆ ನೋಡುತ್ತಾರೆ. ಮಾರುವುದಕ್ಕೆ ಅವರ ಹತ್ತಿರ ಒಂದು ಚೀಲವೂ ಇಲ್ಲ, ಆದರೂ ನೋಡಬೇಕು. ಮಧ್ಯಾಹ್ನ ಮಗಳು ಮಲಗಿದ ಮೇಲೆ ನಾನು ಫೋನಿನಲ್ಲಿ ಮಾಡುವ ಕೆಲಸ ಏನು ಅಂತ ಅವರಿಗೆ ಮೊದಲ ಸಲ ಬಿಡಿಸಿ ಹೇಳಿದಾಗ, ಕನ್ನಡಕ ಹಣೆಗೇರಿಸಿ, "ಅಂದ್ರ ನೀನೂ ದಲಾಲಿ ಮಾಡ್ತೀಯ ಅನ್ನು" ಎಂದರು. ಬಿ.ಕಾಂ. ಓದಿ, ಆರು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಆ ಮಾತು ಚುರುಕ್ ಎಂದಿತು. ಅವರು ಅಷ್ಟಕ್ಕೇ ಬಿಡಲಿಲ್ಲ. "ಮಾಲು ಯಾರ್ದು? ತೂಕ ಯಾರು ಹಾಕ್ತಾರ? ರೊಕ್ಕ ಎಷ್ಟು ದಿನಕ್ಕ ಬರ್ತದ?"

ಅಫಿಲಿಯೇಟ್ ಮಾರ್ಕೆಟಿಂಗ್ ಬಗ್ಗೆ ಆವತ್ತಿನವರೆಗೆ ನಾನು ನೋಡಿದ್ದ ಯಾವ ವಿಡಿಯೊದಲ್ಲೂ ಈ ಮೂರನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ತಿಂಗಳಿಗೆ ಎಷ್ಟು ಬರುತ್ತದೆ ಎಂಬಲ್ಲಿಂದಲೇ ಶುರು ಮಾಡುತ್ತಿದ್ದರು.

ಕೆಲಸ ನಿಜಕ್ಕೂ ದಲಾಲಿಯೇ. ಕಂಪನಿ ನನ್ನ ಗುರುತು ಸೇರಿಸಿದ ಒಂದು ಲಿಂಕ್ ಕೊಡುತ್ತದೆ. ಅದನ್ನು ನನ್ನ ವಿಡಿಯೊ ಕೆಳಗೆ ಹಾಕುತ್ತೇನೆ. ಯಾರಾದರೂ ಅದನ್ನು ಒತ್ತಿ ಒಳಗೆ ಹೋಗಿ ಸಾಮಾನು ಕೊಂಡರೆ, ಬೆಲೆಯಲ್ಲಿ ಒಂದು ಪಾಲು ಕಮಿಷನ್ ಆಗಿ ನನಗೆ ಬರುತ್ತದೆ. ಅಮೆಜಾನ್ ಅಮೆರಿಕದಲ್ಲಿ ಪುಸ್ತಕದ ಅಂಗಡಿಯಾಗಿದ್ದಾಗಲೇ, 1996ರಲ್ಲಿ, ಇದನ್ನು ಶುರು ಮಾಡಿತ್ತು. ನಮ್ಮ ಓಣಿಗೆ ಇದರ ಗಾಳಿ ಬೀಸಿದ್ದು ವಾಟ್ಸಾಪ್ ಸೀರೆಗಳಿಂದ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋದ ಸೀರೆ ಫೋಟೋಗಳನ್ನು ಗ್ರೂಪಿಗೆ ಹಾಕಿ ಮಾರುವವರು ಬೀದಿಗೊಬ್ಬರಿದ್ದರು. ಅದು ಪೂರ್ತಿ ಇದೇ ಅಲ್ಲ. ಅಲ್ಲಿ ಮಾರುವವಳೇ ತನ್ನ ಲಾಭ ಕೂಡಿಸಿ ಬೆಲೆ ಹೇಳಬೇಕಿತ್ತು, ಇಲ್ಲಿ ಬೆಲೆ ಕಂಪನಿಯದು. 2020ರಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಆ್ಯಪ್‌ಗಳು ಕನ್ನಡಕ್ಕೆ ಬಂದ ಮೇಲೆ ಇಂಗ್ಲಿಷ್ ಓದಲು ಹಿಂಜರಿಯುತ್ತಿದ್ದ ನಮ್ಮ ಅತ್ತೆಯಂಥವರೂ ತಾವೇ ಬಟನ್ ಒತ್ತತೊಡಗಿದರು.

ನಾನು ಶುರು ಮಾಡಿದ್ದು ಬೀಡಿನ ಹಂಚಿನಿಂದ. ಎರಡನೆಯ ಮಗು ಹುಟ್ಟಿದ ಮೇಲೆ ಶಾಲೆ ಬಿಟ್ಟಿದ್ದೆ. ಹೊಸ ಹಂಚಿನ ಮೇಲೆ ದೋಸೆ ಏಳುವುದಿಲ್ಲ ಅಂತ ಗೆಳತಿಯೊಬ್ಬಳು ಗೋಳಾಡಿದಳು. ಹಂಚನ್ನು ತೊಳೆದು, ಎಣ್ಣೆ ಸವರಿ, ಹದ ಉರಿಯಲ್ಲಿ ಕಾಯಿಸಿ, ಈರುಳ್ಳಿ ಹೋಳಿನಿಂದ ತಿಕ್ಕಿ ಮೂರು ದಿನ ಪಳಗಿಸುವುದನ್ನು ವಿಡಿಯೊ ಮಾಡಿ ಹಾಕಿದೆ. ಬೆಣ್ಣೆ ದೋಸೆಯ ಊರಿನವಳು ಹಂಚಿನ ವಿಷಯ ಮಾತಾಡಿದರೆ ಜನ ಕೇಳುತ್ತಾರೆ. ಕೆಳಗೆ ಹಂಚಿನ ಲಿಂಕ್ ಇಟ್ಟಿದ್ದೆ. ಮೊದಲ ಎಂಟು ತಿಂಗಳಿಗೆ ಒಟ್ಟು ಬಂದದ್ದು 1,126 ರೂಪಾಯಿ. ಮನೆಯಲ್ಲೇ ಕೂತು ಲಕ್ಷ ದುಡಿಯಿರಿ ಎನ್ನುವವರ ಪಕ್ಕದಲ್ಲಿ ಇಟ್ಟು ನೋಡಲೆಂದೇ ಈ ಮೊತ್ತ ಬರೆಯುತ್ತಿದ್ದೇನೆ. ಈಗ ತಿಂಗಳಿಗೆ ಮಗನ ಟ್ಯೂಷನ್ ಫೀಸು ಮತ್ತು ಹಾಲಿನ ಬಿಲ್ಲಿನಷ್ಟು ಬರುತ್ತದೆ. ಹಬ್ಬದ ತಿಂಗಳಲ್ಲಿ ಸ್ವಲ್ಪ ಹೆಚ್ಚು.

ನನ್ನ ತವರು ಹರಿಹರ, ಇಲ್ಲಿಂದ ಹದಿನಾಲ್ಕು ಕಿಲೋಮೀಟರು. ಅಲ್ಲಿ ನಮ್ಮ ಚಿಕ್ಕಮ್ಮನ ಮಗಳಿಗೆ, ಕೈಯಲ್ಲಿ ಹತ್ತು ತಿಂಗಳ ಕೂಸು, ಒಂದು ದಿನ ಟೆಲಿಗ್ರಾಂನಲ್ಲಿ ಮೆಸೇಜು ಬಂತು. "ಅಫಿಲಿಯೇಟ್ ಪಾರ್ಟ್‌ನರ್ ಬೇಕಾಗಿದ್ದಾರೆ, ತಾಯಂದಿರಿಗೆ ಆದ್ಯತೆ." ಮೊದಲ ದಿನ ಮೂರು ಹೋಟೆಲಿಗೆ ಸ್ಟಾರ್ ಕೊಟ್ಟದ್ದಕ್ಕೆ 150 ರೂಪಾಯಿ ನಿಜವಾಗಿಯೂ ಅಕೌಂಟಿಗೆ ಬಿತ್ತು. ಎರಡನೆಯ ದಿನ 1,000 ಕಟ್ಟಿಸಿಕೊಂಡು 1,300 ವಾಪಸ್ ಕೊಟ್ಟರು. ಗ್ರೂಪಿನಲ್ಲಿ ಇನ್ನೂರು ಜನ ತಮಗೆ ಬಂದ ದುಡ್ಡಿನ ಸ್ಕ್ರೀನ್‌ಶಾಟ್ ಹಾಕುತ್ತಿದ್ದರು. ಆ ಇನ್ನೂರು ಜನವೂ ಅವರದೇ ಕಡೆಯವರಿರಬಹುದು ಅಂತ ಅವಳಿಗೆ ಹೊಳೆಯುವುದಾದರೂ ಹೇಗೆ? ಮೂರನೆಯ ದಿನ 5,000, ಆಮೇಲೆ 12,000. ಪರದೆಯ ಮೇಲೆ ಅವಳ ಹೆಸರಿನ ಮುಂದೆ 31,400 ಅಂತ ತೋರಿಸುತ್ತಿತ್ತು. ತೆಗೆಯಲು ಹೋದರೆ, "ಮೊದಲು ಶೇ. 18 ತೆರಿಗೆ ಕಟ್ಟಿ" ಎಂದರು. ಆಗ ನನಗೆ ಫೋನ್ ಮಾಡಿದಳು. ಅದೂ ಏನಾಯಿತು ಅಂತ ಹೇಳಲು ಅಲ್ಲ, ಆ ತೆರಿಗೆಗೆ ಕೈಗಡ ಕೇಳಲು.

ತೆರಿಗೆಯ ಮಾತು ಕೇಳಿದ್ದೇ ನನಗೆ ಗೊತ್ತಾಯಿತು. ನಿಜವಾದ ಕಂಪನಿ ತೆರಿಗೆಯನ್ನು ನಮ್ಮಿಂದ ಕಟ್ಟಿಸಿಕೊಳ್ಳುವುದಿಲ್ಲ, ನಮಗೆ ಕೊಡುವುದರಲ್ಲೇ ಮುರಿದುಕೊಳ್ಳುತ್ತದೆ. ಕಮಿಷನ್ ಹಣಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 194ಎಚ್ ಎಂಬ ಕಲಂ ಇತ್ತು. ಮೊದಲು ಶೇ. 5 ಇದ್ದ ಮುರಿತ 2024ರ ಅಕ್ಟೋಬರ್‌ನಿಂದ ಶೇ. 2ಕ್ಕೆ ಇಳಿಯಿತು. ವರ್ಷಕ್ಕೆ 15,000ದವರೆಗೆ ಮುರಿತವಿಲ್ಲ ಎಂದಿದ್ದ ಮಿತಿ 2025ರ ಏಪ್ರಿಲ್‌ನಿಂದ 20,000 ಆಯಿತು. ಪ್ಯಾನ್ ಕೊಡದಿದ್ದರೆ ಮುರಿತ ಶೇ. 20. ಹಾಗೆ ಮುರಿದದ್ದು ನಮ್ಮ ಪ್ಯಾನ್ ಹೆಸರಿನಲ್ಲಿ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಕಾಣುತ್ತದೆ, ಒಟ್ಟು ಆದಾಯ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ನನ್ನ ಹೆಸರಿನ ಮುಂದೆ ಮೊದಲ ಸಲ 412 ರೂಪಾಯಿ ಕಂಡಾಗ ನಾನು ಮಾವನವರಿಗೆ ತೋರಿಸಿದೆ. ಸರ್ಕಾರದ ಲೆಕ್ಕದಲ್ಲಿ ಬಂದ ದಲಾಲಿ ಅಂತ ಅವರಿಗೂ ಒಂದಿಷ್ಟು ಗೌರವ ಹುಟ್ಟಿರಬೇಕು.

ತಂಗಿಯ ಕೈಯಲ್ಲಿ ಅದೇ ಕ್ಷಣ 1930ಕ್ಕೆ ಫೋನ್ ಮಾಡಿಸಿದೆ. ಸೈಬರ್ ವಂಚನೆಯ ಸಹಾಯವಾಣಿ ಅದು. ದುಡ್ಡು ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಹಾರುವುದರೊಳಗೆ ಬ್ಯಾಂಕಿನಲ್ಲಿ ತಡೆಹಿಡಿಸಬೇಕು, ಹಾಗಾಗಿ ಅತ್ತು ಮುಗಿಸಿ ನಾಳೆ ನೋಡೋಣ ಅಂದರೆ ಆಗುವುದಿಲ್ಲ. ಮರುದಿನ ಸೈಬರ್ ಅಪರಾಧ ನೋಡುವ ದಾವಣಗೆರೆಯ ಸಿಇಎನ್ ಠಾಣೆಗೆ ಹೋಗಿ ದೂರು ಬರೆಸಿದೆವು. ಕೊನೆಯ 12,000 ತಡೆಯಲು ಆಯಿತು, ಐದು ಸಾವಿರ ಹೋಯಿತು. ಅವಳು ಗಂಡನಿಗೆ ಇವತ್ತಿಗೂ ಎರಡು ಸಾವಿರ ಅಂತಲೇ ಹೇಳಿದ್ದಾಳೆ.

ಆ ಮೋಸದಲ್ಲಿ ಮಾವನವರ ಮೊದಲ ಪ್ರಶ್ನೆಗೆ ಉತ್ತರವೇ ಇರಲಿಲ್ಲ ನೋಡಿ. ಮಾಲು ಯಾರದು? ಮಾಲೇ ಇಲ್ಲ. ಯಾರೋ ಒಬ್ಬರು ಹಂಚೋ ಗ್ರೈಂಡರೋ ಕೊಂಡರೆ ತಾನೇ ಕಮಿಷನ್ ಹುಟ್ಟುವುದು? ಕೊಳ್ಳುವವರೇ ಇಲ್ಲದ ಕಡೆ ಕಮಿಷನ್ ಬರುತ್ತಿದೆ ಎಂದರೆ ಅದು ಇನ್ನೊಬ್ಬಳು ಕಟ್ಟಿದ ದುಡ್ಡು. ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಸರಪಳಿಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳಲ್ಲೂ ಪಿರಮಿಡ್ ಯೋಜನೆ ಕೂಡದು, ಸೇರುವ ಶುಲ್ಕ ಕೇಳಕೂಡದು ಎಂದಿದೆ. ಅಫಿಲಿಯೇಟ್ ಆಗಲು ಅಮೆಜಾನ್‌ನಂಥ ಕಂಪನಿಗಳು ಒಂದು ಪೈಸೆ ಕೇಳುವುದಿಲ್ಲ. ಸೇರಿದ 180 ದಿನದೊಳಗೆ ಮೂರು ವ್ಯಾಪಾರ ಆಗದಿದ್ದರೆ ಅವರೇ ನಮ್ಮನ್ನು ಹೊರಗೆ ಹಾಕುತ್ತಾರೆ. ಕೆಲಸ ಆಗದವರನ್ನು ಕಳಿಸುವ ಕಂಪನಿ ಎಂದರೆ ನನಗೆ ಅಷ್ಟರ ಮಟ್ಟಿಗೆ ನಂಬಿಕೆ.

ತಂಗಿಗೆ ಆ ಟೆಲಿಗ್ರಾಂನವರು ಸರ್ಟಿಫಿಕೇಟುಗಳನ್ನೂ ಕಳಿಸಿದ್ದರು. ಉದ್ಯಮ್ ನೋಂದಣಿ, ಅಶೋಕ ಸ್ತಂಭ, ಎಲ್ಲ ಇತ್ತು. ಉದ್ಯಮ್ ನೋಂದಣಿ ಯಾರು ಬೇಕಾದರೂ ಬಿಟ್ಟಿಯಾಗಿ ಮಾಡಿಸಬಹುದು, ಅದನ್ನು ನೋಡಿ ಮರುಳಾಗುವಂಥದ್ದೇನಿಲ್ಲ. ನಾನು ಹೊಸ ಕಂಪನಿಯ ಜಿಎಸ್‌ಟಿ ನಂಬರ್ ಕೇಳುತ್ತೇನೆ. ಹದಿನೈದು ಅಕ್ಷರ, ಮೊದಲ ಎರಡು ರಾಜ್ಯದ ಸಂಖ್ಯೆ. ಕರ್ನಾಟಕವಾದರೆ 29. ನಂತರದ ಹತ್ತು ಕಂಪನಿಯ ಪ್ಯಾನ್. ಬೆಂಗಳೂರಿನ ಕಂಪನಿ ಅಂತ ಹೇಳಿಕೊಂಡವರೊಬ್ಬರ ನಂಬರು ಬೇರೆ ಯಾವುದೋ ರಾಜ್ಯದ್ದಾಗಿತ್ತು, ಜಿಎಸ್‌ಟಿ ತಾಣದಲ್ಲಿ ಹಾಕಿ ನೋಡಿದರೆ ಯಾವುದೋ ಟೈಲ್ಸ್ ಅಂಗಡಿ! ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಹೆಸರು ಹುಡುಕಿದರೆ ಯಾವ ವರ್ಷ ಶುರುವಾಯಿತು ಅನ್ನುವುದು ಸಿಗುತ್ತದೆ. ಇಷ್ಟಾಗಿಯೂ ನೋಂದಣಿ ಇದ್ದ ಮಾತ್ರಕ್ಕೆ ಪ್ರಾಮಾಣಿಕರು ಎಂದಲ್ಲ. ಇದು ಬಾಗಿಲಲ್ಲೇ ಕಲ್ಲು ಆರಿಸುವ ಕೆಲಸ, ಅಷ್ಟೇ.

ಕಷ್ಟವಾದದ್ದು ಎರಡನೆಯ ಪ್ರಶ್ನೆ, ತೂಕದ್ದು. ಮಂಡಿಯಲ್ಲಿ ರೈತ ತಕ್ಕಡಿ ಮುಂದೆ ನಿಂತು ಕಣ್ಣಾರೆ ನೋಡಬಹುದು. ಅಲ್ಲೂ "ಸೂಟು" ಅಂತ ಕ್ವಿಂಟಲ್‌ಗೆ ಒಂದೆರಡು ಕಿಲೋ ಮುರಿಯುವವರಿದ್ದರು, ಅದಕ್ಕೆ ಜಗಳಗಳಾಗುತ್ತಿದ್ದವು ಅಂತ ಮಾವ ಹೇಳುತ್ತಾರೆ. ನಮ್ಮ ಕೆಲಸದಲ್ಲಿ ತಕ್ಕಡಿ ಪೂರಾ ಕಂಪನಿಯ ಮನೆಯೊಳಗಿದೆ. ಎಷ್ಟು ಜನ ಲಿಂಕ್ ಒತ್ತಿದರು, ಎಷ್ಟು ಜನ ಕೊಂಡರು ಎಂಬುದು ಅವರ ಡ್ಯಾಶ್‌ಬೋರ್ಡ್ ಹೇಳಿದ್ದೇ ಲೆಕ್ಕ. ಹರಿಹರದ ಟೀಚರೊಬ್ಬರು ನನ್ನ ವಿಡಿಯೊ ನೋಡಿ ಗ್ರೈಂಡರ್ ಕೊಂಡೆ ಅಂತ ಫೋಟೋ ಸಮೇತ ಕಳಿಸಿದರು, ನನ್ನ ಲೆಕ್ಕದಲ್ಲಿ ಅದು ಬರಲೇ ಇಲ್ಲ. ನಾನು ಕಂಪನಿಯನ್ನು ಬೈದುಕೊಂಡೇ ಅವರಿಗೆ ಫೋನ್ ಮಾಡಿದೆ. ಆದದ್ದು ಇಷ್ಟು: ಟೀಚರು ಲಿಂಕ್ ಒತ್ತಿ ನೋಡಿದ್ದು ಸೋಮವಾರ ತಮ್ಮ ಫೋನಿನಲ್ಲಿ. ಗುರುವಾರ ಸಂಬಳ ಬಂದ ಮೇಲೆ ಅವರ ಯಜಮಾನರು ತಮ್ಮ ಫೋನಿನಲ್ಲಿ ಹುಡುಕಿ ತರಿಸಿದ್ದಾರೆ. ಅಮೆಜಾನ್‌ನಲ್ಲಿ ಲಿಂಕಿನ ನೆನಪು 24 ಗಂಟೆ ಮಾತ್ರ. ಅಷ್ಟರೊಳಗೆ ಕಾರ್ಟಿಗೆ ಹಾಕಿಕೊಂಡಿರಬೇಕು. ಇದು ಮೋಸವಲ್ಲ, ಮೊದಲೇ ಬರೆದಿಟ್ಟ ನಿಯಮ, ನಾನು ಓದಿರಲಿಲ್ಲ. ಸಾಮಾನು ವಾಪಸ್ ಹೋದರೆ ಕಮಿಷನ್ನೂ ವಾಪಸ್. ನನ್ನ ಲಿಂಕಿನಲ್ಲಿ ನಾನೇ ಕೊಳ್ಳುವಂತಿಲ್ಲ, ಮನೆಯವರಿಗೆ ಕೊಡಿಸುವಂತೆಯೂ ಇಲ್ಲ.

ಹೆಸರು ಹೇಳಲಾರದ ಇನ್ನೊಂದು ಕಡೆ ಮಾತ್ರ ಬೇರೆಯೇ ಆಯಿತು. ಅವರು ಹೆಚ್ಚು ಪಾಲು ಕೊಡುತ್ತೇವೆ ಎಂದಿದ್ದರು. ದೀಪಾವಳಿ ಹೊತ್ತಿಗೆ ನನ್ನ ಹೆಸರಿನಲ್ಲಿ 46 ಆರ್ಡರ್ ತೋರಿಸಿತು, ಸಂಕ್ರಾಂತಿ ಹೊತ್ತಿಗೆ ಅದರಲ್ಲಿ 29ರ ಮುಂದೆ "ತಿರಸ್ಕೃತ" ಅಂತ ಕೆಂಪು ಅಕ್ಷರ. ಯಾಕೆ ಅಂತ ಕೇಳಿದ ನಾಲ್ಕು ಮೇಲ್‌ಗೂ ಒಂದೇ ಉತ್ತರ, ಅದೂ ಯಂತ್ರ ಬರೆದದ್ದು. ಕೊಂಡವರಲ್ಲಿ ಒಂಬತ್ತು ಜನ ನನಗೆ ಗೊತ್ತಿದ್ದವರೇ, ಯಾರೂ ವಾಪಸ್ ಮಾಡಿರಲಿಲ್ಲ. "ಸೂಟು ಹಿಡಿದಾರ ಬಿಡು" ಎಂದರು ಮಾವ. ಆವತ್ತಿನಿಂದ ನಾನು ಮಗನ ಹಳೆಯ ಕಾಪಿಯ ಉಳಿದ ಹಾಳೆಗಳಲ್ಲಿ ಲೆಕ್ಕ ಇಡುತ್ತೇನೆ: ತಾರೀಖು, ಕೊಂಡೆ ಅಂತ ಹೇಳಿದವರು, ಕಂಪನಿ ತೋರಿಸಿದ್ದು, ಕೈಗೆ ಬಂದದ್ದು. ಹೊಸ ಕಂಪನಿಗೆ ಮೂರು ತಿಂಗಳು ಒಂದೇ ಸಾಮಾನಿನ ಲಿಂಕ್ ಹಾಕುತ್ತೇನೆ. ಕಾಪಿಯ ಕಾಲಮ್ಮುಗಳು ಹೆಚ್ಚುಕಡಿಮೆ ಹೊಂದಿದರೆ ಎರಡನೆಯ ಸಾಮಾನು.

ಮೂರನೆಯದು, ರೊಕ್ಕ ಎಷ್ಟು ದಿನಕ್ಕೆ? ಅಮೆಜಾನ್ ತಿಂಗಳು ಮುಗಿದು ಸುಮಾರು 60 ದಿನಕ್ಕೆ ಕೊಡುತ್ತದೆ. ವಾಪಸ್ಸಾಗುವ ಸಾಮಾನೆಲ್ಲ ವಾಪಸ್ಸಾಗಿ ಲೆಕ್ಕ ಗಟ್ಟಿಯಾಗಲಿ ಅಂತ ಈ ತಡ. ಹಾಗಾಗಿ ಇವತ್ತೇ ಸಂಜೆ ದುಡ್ಡು ಎನ್ನುವವರನ್ನು ಕಂಡರೆ ನನಗೆ ಈಗ ಹೆದರಿಕೆ. ಪಾಲು ಎಷ್ಟು ಎನ್ನುವುದನ್ನೂ ಹೀಗೇ ತೂಗಬೇಕು. ಮೊಬೈಲಿನ ಮೇಲೆ ಕಮಿಷನ್ ತೀರಾ ಕಡಿಮೆ, ಬಟ್ಟೆ, ಅಡುಗೆಮನೆ ಸಾಮಾನಿಗೆ ಕೊಂಚ ಹೆಚ್ಚು. ಸಾಫ್ಟ್‌ವೇರ್‌ನಂಥದ್ದಕ್ಕೆ ಇನ್ನೂ ಹೆಚ್ಚು ಕೊಡಬಲ್ಲರು, ಅದನ್ನು ಒಂದೊಂದಾಗಿ ತಯಾರಿಸಿ ಲಾರಿಗೆ ಹೇರಬೇಕಿಲ್ಲವಲ್ಲ. ಪ್ರೆಶರ್ ಕುಕ್ಕರ್ ಮೇಲೆ ಶೇ. 40 ಕೊಡುತ್ತೇವೆ ಎಂದರೆ ಕುಕ್ಕರಿನ ಬಗ್ಗೆಯೇ ಅನುಮಾನ ಪಡಬೇಕು. ಹಣ ಬೀಳುವ ಅಕೌಂಟು ನಮ್ಮ ಹೆಸರಿನದೇ ಆಗಿರಲಿ. ಬೇರೆಯವರ ದುಡ್ಡು ದಾಟಿಸಲು ನಿಮ್ಮ ಅಕೌಂಟ್ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಅಂತ ಕೇಳುವವರೂ ಇದ್ದಾರೆ. ತಂಗಿಯ ಐದು ಸಾವಿರ ದಾಟಿಹೋದದ್ದು ಅಂಥದ್ದೇ ಯಾರದೋ ಅಕೌಂಟಿನಿಂದ.

ಕಂಪನಿ ನನಗೆ ಸರಿಯಾಗಿ ಕೊಟ್ಟರೆ ಸಾಕೇ? ಮಹಾನಗರದಲ್ಲಿದ್ದರೆ ಸಾಕೆಂದು ಅನ್ನಿಸುತ್ತಿತ್ತೋ ಏನೋ. ಇಲ್ಲಿ ನನ್ನ ಮಾತು ಕೇಳಿ ಹಂಚು ಕೊಂಡವರು ನಾಳೆ ದುಗ್ಗಮ್ಮನ ಗುಡಿಯಲ್ಲಿ ಎದುರಾಗುತ್ತಾರೆ, "ಹಿಡಿಕೆ ಮುರ್ದೋತು ಕಣ್ರೀ" ಅನ್ನುತ್ತಾರೆ. ಹಾಗಾಗಿ ವಾಪಸ್ ತಗೊಳ್ಳುವ ವ್ಯವಸ್ಥೆ ಇಲ್ಲದ ಅಂಗಡಿಯ ಲಿಂಕ್ ಹಾಕುವುದಿಲ್ಲ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ದುಡ್ಡಿಗಾಗಿ ಶಿಫಾರಸು ಮಾಡುವವರು ಅದನ್ನು ಎದ್ದು ಕಾಣುವಂತೆ, ಸರಳ ಭಾಷೆಯಲ್ಲಿ ಹೇಳಬೇಕು ಎಂದಿತು. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಹತ್ತು ಲಕ್ಷದವರೆಗೂ ಹೋಗಬಹುದು. ನಾನು ವಿಡಿಯೊ ಶುರುವಿನಲ್ಲೇ "ಈ ಲಿಂಕಿನಿಂದ ತಗೊಂಡರೆ ನನಗೆ ಕಮಿಷನ್ ಬರುತ್ತದೆ" ಅಂತ ಹೇಳಿಬಿಡುತ್ತೇನೆ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತ್ತು. ಪಕ್ಕದ ಮನೆಯವರು ನೋಡಿ, "ಅಯ್ಯ, ಬರ್ಲಿ ಬಿಡ್ರೀ, ನಮಗೇನು ಜಾಸ್ತಿ ಬೀಳ್ತದಾ?" ಎಂದರು.

ಹೋದ ವಾರ ಹೊಸದೊಂದು ಕಂಪನಿ ಬರೆದಿದೆ. ಮಕ್ಕಳ ಮರದ ಆಟಿಕೆ, ಚೆನ್ನಾಗಿವೆ, ಪಾಲೂ ಪರವಾಗಿಲ್ಲ. ಲಿಂಕಿನ ನೆನಪು ಎಷ್ಟು ದಿನ, ಆರ್ಡರ್ ತಿರಸ್ಕರಿಸಿದರೆ ಕಾರಣ ತೋರಿಸುತ್ತೀರಾ, ಹಣ ಯಾವ ತಾರೀಖು, ಜಿಎಸ್‌ಟಿ ನಂಬರ್ ಏನು ಅಂತ ನಾಲ್ಕು ಸಾಲಿನ ಮೇಲ್ ಕಳಿಸಿದೆ. ನಿನ್ನೆ ಸಂಜೆ ಮಂಡಕ್ಕಿ ಒಗ್ಗರಣೆ ಬಟ್ಟಲು ಕೈಗೆ ಕೊಡುವಾಗ ಮಾವ ಕೇಳಿದರು.

"ಉತ್ರ ಬಂತೇನಮ್ಮ?"

"ಇಲ್ಲ ಮಾವ. ಸೇರ್ಕೊಳ್ಳಿ ಬೇಗ, ಆಫರ್ ಭಾನುವಾರದವರೆಗೆ ಮಾತ್ರ ಅಂತ ಮತ್ತೊಂದು ಮೇಲ್ ಬಂತು."

ಅವರು ಏನೂ ಹೇಳಲಿಲ್ಲ. ಬಟ್ಟಲಿನಿಂದ ಹಸಿಮೆಣಸಿನಕಾಯಿ ಒಂದೊಂದೇ ಆರಿಸಿ ಪೇಪರಿನ ಅಂಚಿನ ಮೇಲೆ ಇಡತೊಡಗಿದರು.