ಪಾಯ ತೆಗೆಯುವ ಮುನ್ನ ಉತ್ಖನನ

ಹೊಸ ಕಟ್ಟಡದ ಪಾಯ ಇಳಿದ ಕಡೆ ಅಡಿಯಲ್ಲಿದ್ದ ಹಳೆಯ ಊರು ಅಳಿದುಹೋಗುತ್ತದೆ. ಅಷ್ಟರೊಳಗೆ ಆ ಊರನ್ನು ದಾಖಲೆಗೆ ಇಳಿಸುವ ಕೆಲಸವೇ ರಕ್ಷಣಾ ಉತ್ಖನನ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಇದಕ್ಕೊಂದು ಒಳ್ಳೆಯ ಮಾದರಿ. ಮಿಠಾಯಿ ಕಾರ್ಖಾನೆಯಿದ್ದ ಜಾಗದಲ್ಲಿ ಅಂಗಡಿಗಳ ಸಂಕೀರ್ಣ ಏಳುವುದಿತ್ತು. ಅದಕ್ಕೂ ಮುನ್ನ, 1976ರಿಂದ 1981ರವರೆಗೆ, ಯಾರ್ಕ್ ಆರ್ಕಿಯಾಲಜಿಕಲ್ ಟ್ರಸ್ಟ್ ಅಲ್ಲಿ ಅಗೆದು, ಹತ್ತನೇ ಶತಮಾನದ ವೈಕಿಂಗ್ ಕಾಲದ ಮನೆ, ಕಾರ್ಯಾಗಾರ, ಹಿತ್ತಿಲುಗಳನ್ನು ಬೆಳಕಿಗೆ ತಂದಿತು.

ಮೊದಲು ಪರೀಕ್ಷೆ: ಇಡೀ ಜಾಗವನ್ನು ಅಗೆಯುವ ಮೊದಲು ಸಣ್ಣ ಗುಂಡಿ ತೋಡಿ ಪದರಗಳ ಆಳ, ಕಾಲ, ಸ್ಥಿತಿ ನೋಡುತ್ತಾರೆ. 1972ರಲ್ಲಿ ಹತ್ತಿರದ ಬ್ಯಾಂಕೊಂದರ ಅಡಿ ಅಗೆದಾಗಲೇ, ಯಾರ್ಕಿನ ತೇವದ ಮಣ್ಣಿನಲ್ಲಿ ಚರ್ಮ, ಬಟ್ಟೆಗಳೂ ಉಳಿದಿವೆಯೆಂಬುದು ತಿಳಿದಿತ್ತು.

ಪದರ ಬಿಡಿಸುವುದು: ಮೇಲಿನ ಇತ್ತೀಚಿನ ಕಟ್ಟಡದ ಅವಶೇಷವನ್ನು ತೆರವು ಮಾಡಿ, ಆಮೇಲೆ ಕರಣೆ ಹಿಡಿದು ಕೈಯಿಂದಲೇ ಕೆಲಸ. ಕೊನೆಗೆ ಬಿದ್ದ ಮಣ್ಣನ್ನು ಮೊದಲು ತೆಗೆಯುತ್ತಾರೆ. ಪ್ರತಿ ನೆಲ, ಒಲೆ, ಗುಂಡಿಗೂ ಪ್ರತ್ಯೇಕ ಸಂಖ್ಯೆ, ನಕ್ಷೆ, ಫೋಟೋ. ನಂತರದವರು ತೋಡಿದ ತಿಪ್ಪೆಗುಂಡಿ ಹಳೆಯ ಮನೆಯ ನೆಲವನ್ನು ಸೀಳಿರಬಹುದು. ಎರಡರ ಮಣ್ಣು ಬೆರೆತರೆ ಕಾಲದ ಲೆಕ್ಕವೇ ತಪ್ಪುತ್ತದೆ.

ಸಣ್ಣದರ ಬೆಲೆ: ಮಣ್ಣನ್ನು ನೀರಿನಲ್ಲಿ ಜರಡಿ ಹಿಡಿದರೆ ಮೀನಿನ ಮುಳ್ಳು, ಬೀಜ, ಕೀಟದ ಚೂರು ಸಿಗುತ್ತವೆ. ಜನ ಏನು ತಿಂದರು, ಎಂಥ ಕೊಳಕಿನ ನಡುವೆ ಬದುಕಿದರು ಎಂಬುದನ್ನು ಚಿನ್ನಕ್ಕಿಂತ ಚೆನ್ನಾಗಿ ಹೇಳುವುದು ಇವೇ. ಗೋಡೆಯ ಹಲಗೆಗಳ ವಾರ್ಷಿಕ ಉಂಗುರಗಳ ಅಗಲವನ್ನು ಕಾಲ ಗೊತ್ತಿರುವ ಮಾದರಿಯೊಂದಿಗೆ ಹೋಲಿಸಿ ಮರ ಕಡಿದ ಕಾಲವನ್ನು ಗುರುತಿಸುತ್ತಾರೆ. ಆಮ್ಲಜನಕ ತಾಗದೆ ಉಳಿದ ಮರ ಗಾಳಿಗೆ ಒಣಗಿದರೆ ಸೀಳಿ ಸೊಟ್ಟಗಾಗುತ್ತದೆ. ಆದ್ದರಿಂದ ಅದನ್ನು ನೀರಲ್ಲೇ ಇಟ್ಟು, ಮುಂದೆ ಪ್ರಯೋಗಾಲಯದಲ್ಲಿ ಮೇಣದಂಥ ರಾಸಾಯನಿಕ ತುಂಬಿಸುತ್ತಾರೆ.

ಕಟ್ಟುವಾಗಲೂ ಕಣ್ಣು: ಉತ್ಖನನ ಮುಗಿದ ಮೇಲೆ, 1982ರಲ್ಲಿ, ಕಾಮಗಾರಿಯ ಯಂತ್ರಕ್ಕೆ ಗಟ್ಟಿ ವಸ್ತುವೊಂದು ತಗುಲಿತು. ಯಂತ್ರ ನಡೆಸುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದ್ದರಿಂದ ಎಂಟನೇ ಶತಮಾನದ ಶಿರಸ್ತ್ರಾಣ ಉಳಿಯಿತು. ಅದೀಗ ಯಾರ್ಕ್‌ಷೈರ್ ಮ್ಯೂಸಿಯಂನಲ್ಲಿದೆ.

1984ರಲ್ಲಿ ಅದೇ ಜಾಗದಲ್ಲಿ ಯೋರ್ವಿಕ್ ವೈಕಿಂಗ್ ಕೇಂದ್ರವೆಂಬ ವಸ್ತುಸಂಗ್ರಹಾಲಯ ತೆರೆಯಿತು, ಅಂಗಡಿಗಳೂ ಎದ್ದವು. ಇತಿಹಾಸಕ್ಕೂ ಕಟ್ಟಡಕ್ಕೂ ಒಂದೇ ನೆಲದಲ್ಲಿ ಜಾಗವುಂಟು. ಆದರೆ ಅಗೆದ ಪದರವನ್ನು ಮತ್ತೆ ಅಗೆಯಲಾಗದು. ಹಾಗಾಗಿ ಉತ್ಖನನಕ್ಕೆ ಬೇಕಾದ ಸಮಯ ಮತ್ತು ಹಣ ಕಟ್ಟಡದ ಯೋಜನೆಯಲ್ಲಿ ಮೊದಲ ದಿನದಿಂದಲೇ ಸೇರಿರಬೇಕು.