ಸೊಂಟದ ಸುತ್ತಳತೆಯೂ ನಿತ್ಯದ ನಡಿಗೆಯೂ

ಮೂರು ವರ್ಷಗಳ ಹಿಂದೆ ನಮ್ಮೂರಿನ ಆರೋಗ್ಯ ತಪಾಸಣಾ ಶಿಬಿರದಲ್ಲಿ ಯುವ ವೈದ್ಯೆಯೊಬ್ಬರು ದರ್ಜಿಯ ಟೇಪಿನಿಂದ ನಮ್ಮ ಸೊಂಟವನ್ನು ಅಳೆದಾಗ ಸುತ್ತಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. 98 ಸೆಂಟಿಮೀಟರ್ ಎಂದು ಬರೆದುಕೊಂಡ ಆಕೆ ಮಾತ್ರ ನಗಲಿಲ್ಲ. “ಗುರುಗಳೇ, ಇದು ನಗುವ ಅಳತೆಯಲ್ಲ” ಎಂದರು.

ಮಠದಲ್ಲಿದ್ದು ಓದಿದ ಬಾಲ್ಯದಲ್ಲಿ ನಾವು ಬಾವಿಯ ನೀರು ಸೇದಿ, ಸೌದೆ ಹೊತ್ತು, ನೆರೆಯೂರುಗಳಿಗೆ ಕಾಲ್ನಡಿಗೆಯಲ್ಲೇ ಹೋಗಿಬರುತ್ತಿದ್ದೆವು. ಅನಂತರದ ನಲವತ್ತು ವರ್ಷಗಳು ಗ್ರಂಥಗಳ ಮುಂದೆ ಕುಳಿತೇ ಕಳೆದವು. ಕಾಯಕದ ಮಹತ್ವವನ್ನು ಕುಳಿತಲ್ಲಿಂದಲೇ ಗಂಟೆಗಟ್ಟಲೆ ಉಪನ್ಯಾಸ ಮಾಡಿದವರು ನಾವು!

ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎಂದು ಕರೆಯುವ ಸ್ಥಿತಿ ಒಂದೇ ರೋಗವಲ್ಲ, ದೋಷಗಳ ಒಂದು ಕೂಟ. ನಮ್ಮ ದೇಶದ ಪುರುಷರಲ್ಲಿ ಸೊಂಟದ ಸುತ್ತಳತೆ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ಮುಟ್ಟುವುದು ಒಂದು ಲಕ್ಷಣ. ರಕ್ತದೊತ್ತಡ 130/85ನ್ನು ಮುಟ್ಟುವುದು ಇನ್ನೊಂದು. ಉಳಿದವು ರಕ್ತಪರೀಕ್ಷೆಯಿಂದ ತಿಳಿಯುವಂಥವು: 100 ಮಿ.ಲೀ. ರಕ್ತದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 100 ಮಿ.ಗ್ರಾಂ., ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಮಿ.ಗ್ರಾಂ. ಅಥವಾ ಮೇಲ್ಪಟ್ಟಿರುವುದು, ಒಳ್ಳೆಯ ಕೊಲೆಸ್ಟರಾಲ್ ಪುರುಷರಲ್ಲಿ 40ಕ್ಕಿಂತ, ಸ್ತ್ರೀಯರಲ್ಲಿ 50ಕ್ಕಿಂತ ಕಡಿಮೆಯಾಗಿರುವುದು. ಐದರಲ್ಲಿ ಮೂರು ಕೂಡಿದರೆ ಸಿಹಿಮೂತ್ರ ರೋಗಕ್ಕೂ ಹೃದಯಾಘಾತಕ್ಕೂ ದಾರಿ ತೆರೆದಂತೆ. ನಮ್ಮಲ್ಲಿ ನಾಲ್ಕು ಕೂಡಿದ್ದವು.

ಈ ಕೂಟದ ಬೇರು ಇನ್ಸುಲಿನ್ನಿನ ಮಾತನ್ನು ದೇಹ ಕೇಳದಿರುವುದರಲ್ಲಿದೆ ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ಪ್ರತಿಪಾದಿಸಿದರು. ನಡಿಗೆಯ ಮಹಿಮೆ ಇಲ್ಲಿಯೇ ತಿಳಿಯುವುದು. ದುಡಿಯುತ್ತಿರುವ ಮಾಂಸಖಂಡವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನಡಿಗೆ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ಆದುದರಿಂದಲೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದೆನ್ನುತ್ತಾರೆ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಮಾಡುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಆ ಭಕ್ತಿ ದೊಡ್ಡದು. ಆದರೆ ಹಿಂತಿರುಗಿ ಬಂದು ವರ್ಷವಿಡೀ ಕುಳಿತರೆ ದೇಹಕ್ಕೆ ಆ ನಡಿಗೆಯ ನೆನಪು ವಾರವೂ ಉಳಿಯದು. ಕಾಲಿನ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳು ಬರಿಗಾಲಲ್ಲಿ ನಡೆಯುವುದಂತೂ ಬೇಡವೇ ಬೇಡ. ತಿಳಿಯದೆ ಆದ ಗಾಯ ಕಾಲನ್ನೇ ಕಳೆದೀತು.

2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಿ ಆಹಾರ ತಿದ್ದಿ ತೂಕ ಇಳಿಸಿದವರಲ್ಲಿ ಮಧುಮೇಹದ ಸಂಭವ ಶೇ. 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 31ರಷ್ಟು. 2006ರ ಭಾರತೀಯ ಅಧ್ಯಯನದಲ್ಲಿ ಜೀವನಕ್ರಮದ ಬದಲಾವಣೆಯಿಂದ ಬಂದ ಇಳಿಕೆ ಶೇ. 28.5. ಹೋಳಿಗೆಗೆ ತುಪ್ಪ ಸುರಿದುಕೊಂಡು ಒಂದು ಸುತ್ತು ಹೆಚ್ಚಿಗೆ ನಡೆದರಾಯಿತು ಎಂಬ ಲೆಕ್ಕ ನಡೆಯದು. ಅದನ್ನೂ ನಾವು ಮಾಡಿ ನೋಡಿದ್ದೇವೆ.

ನಮ್ಮ ಆರಂಭ ಅವಿವೇಕದ್ದಾಗಿತ್ತು. ಹೊಸದಾಗಿ ಬರೆದುಕೊಟ್ಟಿದ್ದ ಸಕ್ಕರೆಯ ಗುಳಿಗೆಯನ್ನು ನುಂಗಿ, ಏನನ್ನೂ ತಿನ್ನದೆ, ಮೊದಲ ವಾರದಲ್ಲೇ ಒಂದು ಗಂಟೆ ಬಿರುಸಾಗಿ ನಡೆದೆವು. ಕೆರೆಯ ಏರಿಯ ಮೇಲೆ ತಣ್ಣನೆಯ ಬೆವರು ಕಿತ್ತುಬಂತು, ಕೈ ನಡುಗಿತು, ಕಣ್ಣು ಕತ್ತಲಿಟ್ಟಿತು. ಹಾಲು ಮಾರುವ ಹುಡುಗನೊಬ್ಬ ಓಡಿಹೋಗಿ ಸಕ್ಕರೆ ತಂದು ಬಾಯಿಗೆ ಹಾಕಿದ. ಇನ್ಸುಲಿನ್ ಸ್ರವಿಸುವಂತೆ ಮಾಡುವ ಗುಳಿಗೆ ನುಂಗುವವರೂ ಇನ್ಸುಲಿನ್ ಚುಚ್ಚಿಕೊಳ್ಳುವವರೂ ವೈದ್ಯರನ್ನು ಕೇಳಿಯೇ ವ್ಯಾಯಾಮ ತೊಡಗಬೇಕು; ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಬೇಕು. ಎದೆ ಹಿಡಿದರೆ ಅಲ್ಲಿಯೇ ನಿಂತು ವೈದ್ಯರ ಬಳಿಗೆ ಹೋಗಬೇಕು.

ಆಮೇಲೆ ಹತ್ತು ನಿಮಿಷದಿಂದ ತೊಡಗಿ, ವಾರಕ್ಕೆ ಐದೈದು ನಿಮಿಷ ಏರಿಸಿದೆವು. ವೇಗಕ್ಕೆ ವೈದ್ಯೆ ಹೇಳಿಕೊಟ್ಟ ಗುರುತು ಸುಲಭವಾದುದು: ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ. ಮಂಡಿ ನೋವಿನವರಿಗೆ ಸೈಕಲ್ ಆದೀತು, ಈಜು ಬಂದರೆ ಇನ್ನೂ ಒಳ್ಳೆಯದು.

ಈಗ ನಮ್ಮ ಸೊಂಟ 93. ತೂಕ ಇಳಿದದ್ದು ಮೂರೇ ಕಿಲೋ. ಆದರೆ ರಕ್ತದೊತ್ತಡ ಇಳಿದಿದೆ. ಕಳೆದ ತಿಂಗಳು ಅದೇ ಟೇಪಿನಿಂದ ನಮ್ಮ ಮನೆಯವರ ಅಳತೆ ನೋಡಿದಾಗ 86 ಬಂತು. “ಬೆಳಗ್ಗೆ ಒಲೆ ಬಿಟ್ಟು ನಾನು ಯಾವಾಗ ನಡೆಯಲಿ?” ಎಂದರು. ಮೂರು ವರ್ಷ ನಾವು ಕೇಳಿಕೊಳ್ಳದಿದ್ದ ಪ್ರಶ್ನೆ ಅದು. ಈಗ ಅವರು ಆರು ಗಂಟೆಗೆ ಕೆರೆಯ ಏರಿಗೆ ಹೋಗುತ್ತಾರೆ. ಉಪ್ಪಿಟ್ಟು ನಮ್ಮ ಪಾಲಿನದು, ನಮ್ಮ ನಡಿಗೆ ಸಂಜೆಗೆ.